‘ಬೇಕೆಂದು ಮಾಡಿದ್ದಲ್ಲ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಮಾತು

ಮದುವೆ ಛತ್ರದ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿದೆ. ಊಟ ಮುಗಿಸಿ ಬಂದವರೊಬ್ಬರು ತಮ್ಮದೇ ಎಂದುಕೊಂಡು ಬೇರೆಯವರ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಇನ್ನೊಬ್ಬರು ನೂಕುನುಗ್ಗಲಿನಲ್ಲಿ ಆಯತಪ್ಪಿ ಪಕ್ಕದವರ ಕಾಲು ತುಳಿಯುತ್ತಾರೆ. ಮೂರನೆಯವರು ಫೋನಿನಲ್ಲಿ ಮಾತನಾಡುತ್ತ, ಚಪ್ಪಲಿಯ ನೆನಪೇ ಇಲ್ಲದೆ ಬರಿಗಾಲಲ್ಲಿ ರಸ್ತೆಯವರೆಗೆ ನಡೆದುಬಿಡುತ್ತಾರೆ. ಕೇಳಿದರೆ ಮೂವರೂ ‘ಬೇಕೆಂದು ಮಾಡಿದ್ದಲ್ಲ’ ಎನ್ನುತ್ತಾರೆ, ಮೂವರ ಮಾತೂ ನಿಜವೇ. ಆದರೆ ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ಮೂವರಿಗೂ ಒಂದೇ ಪದ ಸಲ್ಲುವುದಿಲ್ಲ. ಮೊದಲನೆಯವರು ಮಾಡಿದ್ದು ‘ಬೈ ಮಿಸ್ಟೇಕ್’, ಎರಡನೆಯವರದು ‘ಆಕ್ಸಿಡೆಂಟಲಿ’, ಮೂರನೆಯವರದು ‘ಆಬ್ಸೆಂಟ್ ಮೈಂಡೆಡ್ಲಿ’. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವಾಕ್ಯವೇನೋ ವ್ಯಾಕರಣಬದ್ಧವಾಗಿಯೇ ಉಳಿಯುತ್ತದೆ. ನಡೆದ ಸಂಗತಿ ಮಾತ್ರ ಬೇರೆಯದಾಗುತ್ತದೆ.

ಈ ಮೂರರ ಜೊತೆಗೆ ‘ಅನ್‌ಇಂಟೆನ್ಷನಲಿ’, ‘ಇನ್‌ಅಡ್ವರ್ಟೆಂಟ್ಲಿ’, ‘ಅನ್‌ವಿಟಿಂಗ್ಲಿ’, ‘ಅನ್‌ನೋಯಿಂಗ್ಲಿ’, ‘ಇನ್‌ವಾಲಂಟರಿಲಿ’, ‘ಅನ್‌ಕಾನ್ಷಸ್ಲಿ’, ‘ಮೆಕ್ಯಾನಿಕಲಿ’ ಮುಂತಾದವೂ ಇವೆ. ‘ಅರಿವಿಲ್ಲದೆ’, ‘ಉದ್ದೇಶವಿಲ್ಲದೆ’ ಎಂಬ ಎರಡು ಅರ್ಥಗಳ ಆಸರೆಯಿಂದ ಇವನ್ನು ಕಲಿತವರಿಗೆ ಎಲ್ಲವೂ ಒಂದೇ ಎನ್ನಿಸುವುದು ಸಹಜ. ನನಗೆ ತೋರುವ ಮಟ್ಟಿಗೆ, ಇವುಗಳ ವ್ಯತ್ಯಾಸವನ್ನು ಹಿಡಿಯಲು ಒಂದು ಪ್ರಶ್ನೆ ಸಾಕು: ಮಾಡಿದವರಲ್ಲಿ ಆ ಹೊತ್ತಿಗೆ ಇಲ್ಲದೇ ಹೋದದ್ದು ಯಾವುದು? ಈ ಪದಗಳಲ್ಲಿ ಪ್ರತಿಯೊಂದೂ ಯಾವುದೋ ಒಂದರ ಕೊರತೆಯನ್ನು ಹೇಳುತ್ತದೆ. ಒಂದೆಡೆ ತಿಳಿವಳಿಕೆ ಇರುವುದಿಲ್ಲ, ಇನ್ನೊಂದೆಡೆ ಗಮನ ಇರುವುದಿಲ್ಲ, ಮತ್ತೊಂದೆಡೆ ಎರಡೂ ಇದ್ದು ಇಚ್ಛೆಯ ಹಿಡಿತವೇ ಇರುವುದಿಲ್ಲ. ಕೊರತೆ ಎಲ್ಲಿದೆ ಎಂದು ಗೊತ್ತಾದರೆ ಪದ ತಾನಾಗಿ ಸಿಗುತ್ತದೆ.

ಹೆಚ್ಚು ಗೊಂದಲವಾಗುವ ಜೋಡಿ ‘ಆಕ್ಸಿಡೆಂಟ್’ ಮತ್ತು ‘ಮಿಸ್ಟೇಕ್’. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್ 1956ರಲ್ಲಿ ಲಂಡನ್ನಿನ ಅರಿಸ್ಟಾಟೀಲಿಯನ್ ಸೊಸೈಟಿಯ ಅಧ್ಯಕ್ಷ ಭಾಷಣದಲ್ಲಿ ನೆಪ ಹೇಳುವ ಮಾತುಗಳನ್ನೇ ವಿಷಯವಾಗಿಟ್ಟುಕೊಂಡು ಈ ಜೋಡಿಯನ್ನು ಎರಡು ಕತ್ತೆಗಳ ಉದಾಹರಣೆಯಿಂದ ಬಿಡಿಸಿದರು. ನನ್ನ ಕತ್ತೆಯೂ ನಿಮ್ಮ ಕತ್ತೆಯೂ ಒಂದೇ ಹೊಲದಲ್ಲಿ ಮೇಯುತ್ತಿವೆ. ನನ್ನದನ್ನು ಕೊಲ್ಲಬೇಕೆಂದು ಗುರಿಯಿಟ್ಟು ಗುಂಡು ಹಾರಿಸುತ್ತೇನೆ. ಹತ್ತಿರ ಹೋಗಿ ನೋಡಿದರೆ ಸತ್ತದ್ದು ನಿಮ್ಮದು. ಇದು ‘ಬೈ ಮಿಸ್ಟೇಕ್’. ಇನ್ನೊಂದು ದಿನ ನನ್ನ ಕತ್ತೆಗೇ ಸರಿಯಾಗಿ ಗುರಿಯಿಟ್ಟು ಹಾರಿಸುತ್ತೇನೆ. ಅಷ್ಟರಲ್ಲಿ ಕತ್ತೆಗಳು ಕದಲಿ ಗುಂಡು ನಿಮ್ಮದಕ್ಕೆ ತಗಲುತ್ತದೆ. ಇದು ‘ಬೈ ಆಕ್ಸಿಡೆಂಟ್’. ಮೊದಲನೆಯದರಲ್ಲಿ ಗುಂಡು ಹೋಗಬೇಕಾದ ಕಡೆಗೇ ಹೋಯಿತು, ತಪ್ಪಿದ್ದು ನನ್ನ ತಿಳಿವಳಿಕೆ. ಎರಡನೆಯದರಲ್ಲಿ ತಿಳಿವಳಿಕೆ ಸರಿಯಿತ್ತು, ತಪ್ಪಿದ್ದು ಗುಂಡು. ಪದಗಳ ಹುಟ್ಟಿನಲ್ಲೇ ಈ ಭೇದವಿದೆ. ‘ಮಿಸ್ಟೇಕ್’ ಎಂದರೆ ಒಂದನ್ನು ಮತ್ತೊಂದೆಂದು ತಪ್ಪಾಗಿ ತೆಗೆದುಕೊಳ್ಳುವುದು. ‘ಆಕ್ಸಿಡೆಂಟ್’ ಬಂದದ್ದು ಬೀಳುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ಅದು ನಮ್ಮ ಮೇಲೆ ಬಂದು ಬೀಳುವಂಥದ್ದು. ನಾವು ಬಳಸುವ ‘ಅಕಸ್ಮಾತ್’ ಎಂಬ ಸಂಸ್ಕೃತ ಪದದ ಬಿಡಿಯರ್ಥ ‘ಯಾತರಿಂದಲೂ ಅಲ್ಲದೆ’ ಎಂದು, ಅಂದರೆ ಕಾರಣವೇ ಕಾಣದಂತೆ. ಒಂದು ಭಾಷೆ ಬೀಳುವಿಕೆಯನ್ನು ಕಂಡಲ್ಲಿ ಇನ್ನೊಂದು ಕಾರಣದ ಕೊರತೆಯನ್ನು ಕಂಡಿದೆ.

ಆಸ್ಟಿನ್ನರ ಮೊದಲ ಕತ್ತೆಯ ಸನ್ನಿವೇಶ ನಮಗೆ ರಾಮಾಯಣದಿಂದಲೇ ಪರಿಚಿತ. ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದು ದಶರಥ ಬಾಣ ಬಿಟ್ಟ. ಬಾಣ ಗುರಿ ತಪ್ಪಲಿಲ್ಲ. ಸದ್ದು ಬಂದ ಕಡೆಗೇ ಹೋಗಿ ನಾಟಿತು. ಆದ್ದರಿಂದ ಮುನಿಕುಮಾರನ ಸಾವನ್ನು ಇಂಗ್ಲಿಷಿನಲ್ಲಿ ‘ಆಕ್ಸಿಡೆಂಟ್’ ಎಂದು ಬರೆದರೆ ಕಥೆಯ ತಿರುಳೇ ಕೈಬಿಟ್ಟುಹೋಗುತ್ತದೆ. ಅದು ‘ಮಿಸ್ಟೇಕ್’, ಮತ್ತು ಕೊಂದದ್ದು ಮನುಷ್ಯನನ್ನು ಎಂಬ ದೃಷ್ಟಿಯಿಂದ ‘ಅನ್‌ವಿಟಿಂಗ್ಲಿ’ ಆದದ್ದು. ವಾಲ್ಮೀಕಿಯಲ್ಲಿ ದಶರಥ ಕುರುಡು ತಂದೆಯ ಮುಂದೆ ಅಜ್ಞಾನದಿಂದ ಹೀಗಾಯಿತೆಂದೇ ಒಪ್ಪಿಕೊಳ್ಳುತ್ತಾನೆ. ಆ ತಂದೆಯೂ, ಅರಿಯದೆ ಮಾಡಿದೆಯಾದ್ದರಿಂದಲೇ ನೀನಿನ್ನೂ ಬದುಕಿದ್ದೀಯೆ ಎನ್ನುತ್ತಾನೆ. ಹಾಗೆಂದು ಶಪಿಸದೆ ಬಿಡುವುದಿಲ್ಲ. ಅರಿವಿಲ್ಲದಿರುವಿಕೆ ಹೊಣೆಯನ್ನು ತಗ್ಗಿಸಬಲ್ಲದು, ಪೂರ್ತಿ ಅಳಿಸಲಾರದು ಎಂಬ ವಿಚಾರವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಪ್ರಸಂಗ ನನಗೆ ಇನ್ನೊಂದು ಗೊತ್ತಿಲ್ಲ.

‘ಅನ್‌ವಿಟಿಂಗ್’ ಮತ್ತು ‘ಅನ್‌ನೋಯಿಂಗ್’ ಎರಡೂ ತಿಳಿವಳಿಕೆಯ ಕೊರತೆಯನ್ನೇ ಹೇಳುತ್ತವೆ. ಕನ್ನಡಿಗರಿಗೆ ಇವು ಕಾಣುವಷ್ಟು ಪರಕೀಯವಲ್ಲ. ‘ವಿಟ್’ ಎಂಬ ಹಳೆಯ ಇಂಗ್ಲಿಷ್ ಧಾತುವೂ ವೇದ, ವಿದ್ಯೆ, ವಿದ್ವಾಂಸ ಪದಗಳಲ್ಲಿರುವ ಸಂಸ್ಕೃತದ ‘ವಿದ್’ ಧಾತುವೂ ಒಂದೇ ಮೂಲದವು. ‘ನೋ’ ಎಂಬ ಕ್ರಿಯಾಪದವೂ ಜ್ಞಾನ, ಅಜ್ಞಾನಗಳ ‘ಜ್ಞಾ’ ಧಾತುವೂ ಹಾಗೆಯೇ. ಬಳಕೆಯಲ್ಲಿ ಒಂದು ಸಣ್ಣ ಅಂತರವಿದೆ. ಯಾವುದೋ ಒಂದು ಸಂಗತಿ ಗೊತ್ತಿರಲಿಲ್ಲ ಎಂದಷ್ಟೇ ಹೇಳಲು ‘ಅನ್‌ನೋಯಿಂಗ್ಲಿ’ ಸಾಕು: ಅವಧಿ ಮುಗಿದ ಮಾತ್ರೆಯೆಂದು ತಿಳಿಯದೆ ನುಂಗಿದರೆ ಅದಕ್ಕೆ ಈ ಪದ ಸಲ್ಲುತ್ತದೆ. ಆದರೆ ತನಗೆ ಗೊತ್ತಿಲ್ಲದ ದೊಡ್ಡದೊಂದು ವ್ಯವಹಾರದಲ್ಲಿ ವ್ಯಕ್ತಿ ಪಾತ್ರಧಾರಿಯಾಗಿಬಿಟ್ಟಿದ್ದರೆ ಇಂಗ್ಲಿಷ್ ‘ಅನ್‌ವಿಟಿಂಗ್’ ಎಂಬುದನ್ನೇ ಹುಡುಕುತ್ತದೆ. ಪರಿಚಿತರು ಕೊಟ್ಟ ಪೊಟ್ಟಣದಲ್ಲಿ ಏನಿದೆಯೆಂದು ತಿಳಿಯದೆ ಸಾಗಿಸಿದವನು, ಸುಳ್ಳೆಂದು ತಿಳಿಯದೆ ಸುದ್ದಿಯನ್ನು ಹತ್ತು ಗುಂಪುಗಳಿಗೆ ಕಳಿಸಿದವನು ಇಂಥವರು. ಇಲ್ಲಿ ಗಮನಿಸಬೇಕಾದ್ದೆಂದರೆ, ಇವರು ಮಾಡಿದ ಕೆಲಸ ಉದ್ದೇಶಪೂರ್ವಕವೇ. ಪೊಟ್ಟಣವನ್ನು ಒಯ್ಯಬೇಕೆಂದೇ ಒಯ್ದರು, ಸುದ್ದಿಯನ್ನು ಕಳಿಸಬೇಕೆಂದೇ ಕಳಿಸಿದರು. ಮಾಡುತ್ತಿರುವುದು ಇನ್ನೂ ಏನೇನಾಗುತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹೀಗಾಗಿ ಒಂದೇ ಕೃತ್ಯ ಒಂದು ವರ್ಣನೆಯಲ್ಲಿ ಉದ್ದೇಶಪೂರ್ವಕವೂ ಇನ್ನೊಂದು ವರ್ಣನೆಯಲ್ಲಿ ಅರಿವಿಲ್ಲದ್ದೂ ಆಗಿರಬಹುದು.

ಕಚೇರಿ ಪತ್ರಗಳಲ್ಲಿ ಮೇಲಿಂದ ಮೇಲೆ ಕಾಣುವ ‘ಇನ್‌ಅಡ್ವರ್ಟೆಂಟ್ಲಿ’ ಬೇರೆಯದೇ ಕೊರತೆಯನ್ನು ಹೇಳುತ್ತದೆ. ಅದರ ಲ್ಯಾಟಿನ್ ಮೂಲದ ಅರ್ಥ ‘ಆ ಕಡೆಗೆ ತಿರುಗದೆ’ ಎಂದು. ನಮ್ಮ ಗಮನವನ್ನು ತನ್ನತ್ತ ತಿರುಗಿಸುವ ‘ಅಡ್ವರ್ಟೈಸ್‌ಮೆಂಟ್’ ಕೂಡ ಅದೇ ಧಾತುವಿನದು. ಇಲ್ಲಿ ತಿಳಿವಳಿಕೆ ಇರಬಹುದು, ತಿಳಿದುಕೊಳ್ಳುವ ಅವಕಾಶವಂತೂ ಇತ್ತು. ಮನಸ್ಸು ಆ ಕಡೆ ಹೊರಳಲಿಲ್ಲ ಅಷ್ಟೆ. ಈ ಪದಕ್ಕೆ ಇನ್ನೊಂದು ಗುಣವಿದೆ: ಅದು ಯಾವಾಗಲೂ ಮತ್ತೊಂದು ಕೆಲಸದ ಬದಿಯಲ್ಲೇ ನಿಲ್ಲುತ್ತದೆ. ಮೇಜಿನ ಮೇಲಿನ ಕಡತಕ್ಕೆ ಕೈ ಚಾಚಿದಾಗ ಪಕ್ಕದ ಕಾಫಿ ಲೋಟ ಉರುಳಿದರೆ, ಮತದಾರರ ಪಟ್ಟಿಯನ್ನು ಹೊಸದಾಗಿ ಬರೆಯುವಾಗ ಒಂದು ಹೆಸರು ಬಿಟ್ಟುಹೋದರೆ, ಅದು ‘ಇನ್‌ಅಡ್ವರ್ಟೆಂಟ್’. ಗಮನವೆಲ್ಲ ಮುಖ್ಯ ಕೆಲಸದ ಮೇಲಿತ್ತು, ಬದಿಯದು ಕಣ್ಣಿಗೆ ಬೀಳಲಿಲ್ಲ. ನಮ್ಮ ಕಚೇರಿಗಳ ‘ಕಣ್ತಪ್ಪಿನಿಂದ ಬಿಟ್ಟುಹೋಗಿದೆ’ ಎಂಬ ಮಾತು ಇದಕ್ಕೆ ತಕ್ಕ ಕನ್ನಡ. ‘ಅನುದ್ದೇಶಿತವಾಗಿ’ ಎಂದು ಹೊಸ ಪದ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ‘ಅನ್‌ವಿಟಿಂಗ್’ ಹೆಚ್ಚಾಗಿ ವ್ಯಕ್ತಿಗೆ ಅಂಟಿಕೊಂಡರೆ ‘ಇನ್‌ಅಡ್ವರ್ಟೆಂಟ್’ ಕೃತ್ಯಕ್ಕೆ ಅಂಟಿಕೊಳ್ಳುತ್ತದೆ ಎಂಬುದೂ ನೆನಪಿಡಬೇಕಾದ ಸಂಗತಿ. ಇಂಗ್ಲಿಷ್ ಬಲ್ಲವರು ‘ಅನ್‌ವಿಟಿಂಗ್’ ಸಹಾಯಕ ಎನ್ನುತ್ತಾರೆ, ‘ಇನ್‌ಅಡ್ವರ್ಟೆಂಟ್’ ದೋಷ ಎನ್ನುತ್ತಾರೆ.

‘ಇನ್‌ಅಡ್ವರ್ಟೆಂಟ್ಲಿ’ ಎಂಬುದಕ್ಕೆ ದಿನಬಳಕೆಯಲ್ಲಿ ವಿರುದ್ಧ ಪದವಿಲ್ಲ. ‘ಅಡ್ವರ್ಟೆಂಟ್ಲಿ’ ಎಂದು ಯಾರೂ ಮಾತನಾಡುವುದಿಲ್ಲ. ವಿರುದ್ಧ ಪದ ಇರುವಂತೆ ಕಾಣುವ ಕಡೆಯೂ ಅದು ನಿಜವಾದ ವಿರುದ್ಧವಲ್ಲ ಎಂದು ಆಸ್ಟಿನ್ ತೋರಿಸಿದ್ದರು. ‘ವಾಲಂಟರಿಲಿ’ ಎಂದರೆ ಸ್ವಂತ ಇಚ್ಛೆಯಿಂದ. ಅದರ ಎದುರು ನಿಲ್ಲುವುದು ಒತ್ತಾಯ. ‘ಇನ್‌ವಾಲಂಟರಿಲಿ’ ಎಂಬುದರ ಎದುರು ನಿಲ್ಲುವುದು ಬೇಕೆಂದೇ ಮಾಡುವುದು. ರಕ್ತದಾನವನ್ನು ‘ವಾಲಂಟರಿ’ಯಾಗಿ ಮಾಡುತ್ತೇವೆ, ಸೀನುವುದು ಮಾತ್ರ ‘ಇನ್‌ವಾಲಂಟರಿ’. ಶಾಲೆಯ ಜೀವಶಾಸ್ತ್ರದಲ್ಲಿ ಐಚ್ಛಿಕ ಸ್ನಾಯು, ಅನೈಚ್ಛಿಕ ಸ್ನಾಯು ಎಂದು ಓದಿದವರಿಗೆ ಈ ಪದದ ತಿರುಳು ಆಗಲೇ ಗೊತ್ತಿದೆ. ಮಂಡಿಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದನ್ನು 1875ರಲ್ಲಿ ಜರ್ಮನಿಯ ಅರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ವೈದ್ಯರು ಒಬ್ಬರಿಂದೊಬ್ಬರು ಪ್ರತ್ಯೇಕವಾಗಿ ದಾಖಲಿಸಿದರು. ಕಾಲು ಚಿಮ್ಮುವುದು ನಮಗೆ ಸ್ಪಷ್ಟವಾಗಿ ತಿಳಿಯುತ್ತದೆ, ಚಿಮ್ಮುತ್ತದೆಂದು ಮೊದಲೇ ಗೊತ್ತಿರುತ್ತದೆ, ಗಮನವೂ ಅಲ್ಲೇ ಇರುತ್ತದೆ. ಇಲ್ಲದಿರುವುದು ಅದನ್ನು ತಡೆಯುವ ಹಿಡಿತ.

ಮಾತನಾಡುತ್ತ ಕಾಲು ಕುಣಿಸುವುದು ಹೊರನೋಟಕ್ಕೆ ಇದರಂತೆಯೇ ಕಂಡರೂ ಬೇರೆ. ‘ಯಾಕೆ ಕಾಲು ಅಲ್ಲಾಡಿಸುತ್ತೀಯಾ?’ ಎಂದು ಅಜ್ಜಿ ಗದರಿದರೆ ಮಗು ನಿಲ್ಲಿಸುತ್ತದೆ. ಅದುವರೆಗೆ ಅದಕ್ಕೆ ತಾನು ಅಲ್ಲಾಡಿಸುತ್ತಿದ್ದುದೇ ತಿಳಿದಿರುವುದಿಲ್ಲ. ಇದು ‘ಅನ್‌ಕಾನ್ಷಸ್ಲಿ’. ಹೇಳಿದ ಕೂಡಲೇ ನಿಲ್ಲಿಸಲು ಬರುತ್ತದೆಯೇ ಎಂಬುದೇ ಇವೆರಡರ ನಡುವಿನ ಪರೀಕ್ಷೆ. ‘ಅನ್‌ಕಾನ್ಷಸ್’ ಎಂಬ ವಿಶೇಷಣ ಪ್ರಜ್ಞೆ ತಪ್ಪಿ ಬಿದ್ದವರಿಗೂ ಸಲ್ಲುತ್ತದೆ, ಆದರೆ ಅದರ ಕ್ರಿಯಾವಿಶೇಷಣ ರೂಪ ಎಚ್ಚರವಿದ್ದವರಿಗೇ ಮೀಸಲು. ಅನುವಾದಕರು ಇಲ್ಲಿ ಎಡವುವುದುಂಟು. ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ ಈ ಪದಕ್ಕೆ ಇನ್ನೂ ಒಂದು ಪದರ ಕೊಟ್ಟರು. ಬಾಯಿತಪ್ಪಿ ಬಂದ ಮಾತು, ಮರೆತುಹೋದ ಹೆಸರು ಇವುಗಳ ಹಿಂದೆ ನಮಗೇ ಗೊತ್ತಿಲ್ಲದ ಬಯಕೆಯಿದೆ ಎಂಬುದು 1901ರಲ್ಲಿ ಅವರು ಮಂಡಿಸಿದ ವಾದ. ಆ ವಾದವನ್ನು ಒಪ್ಪಿದರೆ ಬಾಯಿತಪ್ಪು ‘ಅನ್‌ಕಾನ್ಷಸ್’ ಆಗುತ್ತದೆ, ‘ಆಕ್ಸಿಡೆಂಟ್’ ಆಗುವುದಿಲ್ಲ, ಏಕೆಂದರೆ ಉದ್ದೇಶ ಅಲ್ಲಿ ಇಲ್ಲವೆಂದಲ್ಲ, ಅಡಗಿದೆ ಎಂದಾಯಿತು. ಜನಪ್ರಿಯ ಬರಹಗಳಲ್ಲಿ ಹೇರಳವಾಗಿರುವ ‘ಸಬ್‌ಕಾನ್ಷಸ್’ ಎಂಬ ಪದವನ್ನು ಸ್ವತಃ ಫ್ರಾಯ್ಡ್ ಒಪ್ಪುತ್ತಿರಲಿಲ್ಲ.

‘ಆಬ್ಸೆಂಟ್ ಮೈಂಡೆಡ್’ ಎಂದರೆ ಮನಸ್ಸು ಊರಿನಲ್ಲಿಲ್ಲದ ಸ್ಥಿತಿ, ನಮ್ಮ ‘ಅನ್ಯಮನಸ್ಕ’. ಕೈ ತನ್ನ ರೂಢಿಯ ಕೆಲಸ ಮಾಡುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಈ ಪುಟ್ಟ ನೆಪ ಇತಿಹಾಸದಲ್ಲಿ ಒಮ್ಮೆ ಬಹಳ ದೊಡ್ಡ ಭಾರ ಹೊತ್ತಿತು. ಕೇಂಬ್ರಿಜಿನ ಇತಿಹಾಸಕಾರ ಜೆ.ಆರ್. ಸೀಲಿ 1883ರಲ್ಲಿ, ಇಂಗ್ಲಿಷರು ಮನಸ್ಸು ಎಲ್ಲೋ ಇದ್ದ ಗಳಿಗೆಯಲ್ಲಿ ಅರ್ಧ ಜಗತ್ತನ್ನು ಗೆದ್ದು ನೆಲೆಸಿದಂತೆ ಕಾಣುತ್ತದೆ ಎಂದು ಬರೆದರು. ತನ್ನ ಸಾಮ್ರಾಜ್ಯದ ಕಡೆ ಕಣ್ಣು ಹಾಯಿಸದ ತನ್ನ ಜನರನ್ನು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ಆದರೆ ಆ ಮಾತು ಪುಸ್ತಕದಿಂದ ಹೊರಬಂದು, ಸಾಮ್ರಾಜ್ಯ ಯಾರೂ ಬಯಸದೆ ತಾನಾಗಿ ಬೆಳೆಯಿತು ಎಂಬ ಅರ್ಥದಲ್ಲಿ ಓಡಾಡಿತು. 1767ರಿಂದ 1799ರವರೆಗೆ ಮೈಸೂರಿನೊಂದಿಗೆ ನಾಲ್ಕು ಯುದ್ಧ ಮಾಡಿ, ಕೊನೆಗೆ ಶ್ರೀರಂಗಪಟ್ಟಣದ ಕೋಟೆ ಒಡೆದವರ ಬಗ್ಗೆ ಈ ಪದ ಸಲ್ಲುವುದಿಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕು. ಮನಸ್ಸು ಇಲ್ಲದೆ ಮಾಡಿದ ಕೆಲಸಕ್ಕೆ ಮುತ್ತಿಗೆಯ ಫಿರಂಗಿಗಳನ್ನು ಎಳೆದು ತರುವುದಿಲ್ಲ.

ಇದುವರೆಗಿನ ಪದಗಳು ಮುಖ್ಯವಾಗಿ ವರ್ಣನೆಯ ಪದಗಳು. ಕಾನೂನಿನೊಳಗೆ ಬಂದರೆ ಇದೇ ಭೇದಗಳ ಮೇಲೆ ವರ್ಷಗಟ್ಟಲೆ ಜೈಲು ನಿಂತಿರುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 80ನೇ ಕಲಮು ‘ಆಕ್ಸಿಡೆಂಟ್’ನಿಂದಾದದ್ದು ಅಪರಾಧವಲ್ಲ ಎನ್ನುತ್ತಿತ್ತು. ಅದರ ಉದಾಹರಣೆ ಸರಳ: ಒಬ್ಬ ಕೊಡಲಿಯಿಂದ ಕೆಲಸ ಮಾಡುತ್ತಿರುವಾಗ ಅದರ ತಲೆ ಹಿಡಿಯಿಂದ ಕಳಚಿ ಹಾರಿ ಹತ್ತಿರ ನಿಂತವನು ಸಾಯುತ್ತಾನೆ. ಆದರೆ ಅಲ್ಲೇ ಷರತ್ತೂ ಇದೆ: ತೆಗೆದುಕೊಳ್ಳಬೇಕಾದ ಎಚ್ಚರಿಕೆಯನ್ನು ಆತ ತೆಗೆದುಕೊಂಡಿರಬೇಕು. ಅಂದರೆ ಕಾನೂನಿನ ‘ಆಕ್ಸಿಡೆಂಟ್’ ನಮ್ಮ ರಸ್ತೆಯ ‘ಆಕ್ಸಿಡೆಂಟ್’ಗಿಂತ ಬಹಳ ಕಿರಿದು. ದಂಡ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದು 18ನೇ ಕಲಮಾಗಿ ಉಳಿದಿದೆ.

ದಿನಪತ್ರಿಕೆಗಳ ಅಪಘಾತದ ಸುದ್ದಿಯಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’ ಎಂಬ ಸಾಲು ಬರುತ್ತದೆ. ಇದರ ಹಿಂದಿರುವುದು ಕಾನೂನಿನ ‘ರ‍್ಯಾಶ್’ ಮತ್ತು ‘ನೆಗ್ಲಿಜೆಂಟ್’ ಎಂಬ ಎರಡು ಪದಗಳು. ‘ರ‍್ಯಾಶ್’ ಎಂದರೆ ವೇಗವಲ್ಲ, ನಿಧಾನವಾಗಿ ಓಡಿಸಿಯೂ ‘ರ‍್ಯಾಶ್’ ಆಗಬಹುದು. 1872ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಹಾಲೋವೇ ಇವೆರಡನ್ನು ಬೇರ್ಪಡಿಸಿದ ಬಗೆ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಕೆಡುಕಾಗಬಹುದೆಂದು ಗೊತ್ತಿದ್ದೂ ಆಗಲಾರದು ಎಂಬ ಭರವಸೆಯಲ್ಲಿ ಮುನ್ನುಗ್ಗುವುದು ಒಂದು, ಅಂದರೆ ನಮ್ಮ ದುಡುಕು. ಕೆಡುಕಿನ ಅರಿವೇ ಇಲ್ಲದೆ, ಆದರೆ ವಹಿಸಬೇಕಾದ ಎಚ್ಚರವನ್ನು ವಹಿಸದೆ ಮಾಡುವುದು ಇನ್ನೊಂದು, ಅಂದರೆ ನಿರ್ಲಕ್ಷ್ಯ. ಉಳಿದ ಪದಗಳಲ್ಲಿ ಅರಿವಿನ ಕೊರತೆ ನೆಪವಾಗಿ ನೆರವಿಗೆ ಬಂದರೆ, ‘ನೆಗ್ಲಿಜೆನ್ಸ್’ ಎಂಬಲ್ಲಿ ಅರಿವಿನ ಕೊರತೆಯೇ ತಪ್ಪು. ‘ನನಗೆ ಹೊಳೆಯಲಿಲ್ಲ’ ಎಂಬ ಮಾತು ಅಲ್ಲಿ ಸಮಾಧಾನ ತರುವುದಿಲ್ಲ. ಹೊಳೆಯಬೇಕಿತ್ತು ಎಂಬುದೇ ಆರೋಪ.

ಅಪಾಯವನ್ನು ಲೆಕ್ಕಿಸದ ಎಂಬ ಅರ್ಥದ ‘ರೆಕ್‌ಲೆಸ್’ ಎಂಬ ಪದಕ್ಕಾಗಿ ಇಂಗ್ಲೆಂಡಿನ ನ್ಯಾಯಾಲಯಗಳು ಬಹುಕಾಲ ಸೆಣಸಿದವು. ಸಾಮಾನ್ಯ ಮನುಷ್ಯನಿಗೆ ಕಾಣಬಹುದಾಗಿದ್ದ ಅಪಾಯ ಆರೋಪಿಗೆ ಕಾಣದೇ ಹೋದರೂ ಅವನು ‘ರೆಕ್‌ಲೆಸ್’ ಎಂದು 1981ರಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತ್ತು. ಆಮೇಲೆ 11 ಮತ್ತು 12 ವರ್ಷದ ಇಬ್ಬರು ಹುಡುಗರು ಅಂಗಡಿಯೊಂದರ ಹಿಂದೆ ಹಳೆಯ ಪತ್ರಿಕೆಗಳಿಗೆ ಬೆಂಕಿ ಹಚ್ಚಿ, ಅದು ತಾನೇ ಆರುತ್ತದೆಂದುಕೊಂಡು ಹೊರಟುಹೋದರು. ಬೆಂಕಿ ಹಬ್ಬಿ ಸುಮಾರು 10 ಲಕ್ಷ ಪೌಂಡಿನ ನಷ್ಟವಾಯಿತು. ಆ ಮೊಕದ್ದಮೆಯಲ್ಲಿ 2003ರಲ್ಲಿ ಅದೇ ನ್ಯಾಯಾಲಯ ಹಳೆಯ ತೀರ್ಪನ್ನು ಕೈಬಿಟ್ಟು, ಅಪಾಯ ಆರೋಪಿಗೇ ಕಂಡಿರಬೇಕು ಎಂದಿತು. ಮಕ್ಕಳಿಗೆ ಕಾಣಲಾರದ್ದನ್ನು ಕಾಣಲಿಲ್ಲವೆಂದು ಶಿಕ್ಷಿಸುವುದು ಸಲ್ಲದು ಎಂಬ ಈ ತಿದ್ದುಪಡಿ ನ್ಯಾಯವಾದದ್ದೆಂದೇ ನನ್ನ ಭಾವನೆ.

ಕಾನೂನಿನ ‘ವಾಲಂಟರಿಲಿ’ ಕೂಡ ಮಾತಿನ ‘ವಾಲಂಟರಿಲಿ’ ಅಲ್ಲ. ದಂಡ ಸಂಹಿತೆ ಕೊಟ್ಟ ಉದಾಹರಣೆಯಲ್ಲಿ, ದೊಡ್ಡ ಊರೊಂದರಲ್ಲಿ ಜನವಿರುವ ಮನೆಗೆ ಒಬ್ಬ ದರೋಡೆಗೆ ಅನುಕೂಲವಾಗಲೆಂದು ರಾತ್ರಿ ಬೆಂಕಿ ಹಚ್ಚುತ್ತಾನೆ, ಯಾರೋ ಸಾಯುತ್ತಾರೆ. ಸಾಯಿಸಬೇಕೆಂಬ ಉದ್ದೇಶ ಅವನಿಗಿರಲಿಲ್ಲ, ಸತ್ತದ್ದಕ್ಕೆ ಅವನು ಮರುಗಲೂಬಹುದು. ಆದರೂ ಸಾವು ಸಂಭವಿಸಬಹುದೆಂದು ಬಲ್ಲವನಾಗಿದ್ದರೆ ಅದನ್ನು ‘ವಾಲಂಟರಿಲಿ’ ಉಂಟುಮಾಡಿದಂತೆಯೇ. ಇದಕ್ಕೆ ವ್ಯತಿರಿಕ್ತವಾದ ತುದಿಯಲ್ಲಿ ಕೆನಡಾದ ಪ್ರಕರಣವೊಂದಿದೆ. 1987ರಲ್ಲಿ ಒಬ್ಬಾತ ನಿದ್ದೆಯಲ್ಲೇ ಎದ್ದು 20 ಕಿಲೋಮೀಟರಿಗೂ ಹೆಚ್ಚು ದೂರ ಕಾರು ಓಡಿಸಿ ಅತ್ತೆಯನ್ನು ಕೊಂದ. ಕೃತ್ಯ ನಿದ್ರಾವಸ್ಥೆಯಲ್ಲಿ ನಡೆದದ್ದರಿಂದ ಅದು ಅವನ ಕೃತ್ಯವೇ ಅಲ್ಲವೆಂದು ಬಿಡುಗಡೆಯಾಯಿತು; 1992ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇಷ್ಟೆಲ್ಲ ಗೆರೆ ಎಳೆದ ಮೇಲೂ ಜನರ ಬಾಯಲ್ಲಿ ಪದಗಳು ಗೆರೆ ದಾಟುತ್ತವೆ. ಜೋಶುವಾ ನೋಬ್ ಎಂಬ ತತ್ತ್ವಜ್ಞಾನಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿದ್ದ ಜನರಿಗೆ ಒಂದು ಪುಟ್ಟ ಕಥೆ ಕೊಟ್ಟರು. ಕಂಪನಿಯ ಅಧ್ಯಕ್ಷನೊಬ್ಬ ಲಾಭದ ಯೋಜನೆಯೊಂದಕ್ಕೆ ಒಪ್ಪಿಗೆ ಕೊಡುತ್ತಾನೆ. ಅದರಿಂದ ಪರಿಸರಕ್ಕೆ ಹಾನಿಯಾಗುತ್ತದೆಂದು ಹೇಳಿದಾಗ ಅದರ ಚಿಂತೆ ನನಗಿಲ್ಲ ಎನ್ನುತ್ತಾನೆ. ಅವನು ಉದ್ದೇಶಪೂರ್ವಕವಾಗಿ ಹಾನಿ ಮಾಡಿದನೆಂದವರು 82 ಶೇಕಡ. ಹಾನಿಯ ಬದಲು ಒಳಿತು ಎಂದು ಬದಲಿಸಿ ಮಿಕ್ಕಿದ್ದನ್ನೆಲ್ಲ ಹಾಗೇ ಇಟ್ಟು ಬೇರೆಯವರಿಗೆ ಕೊಟ್ಟಾಗ, ಉದ್ದೇಶಪೂರ್ವಕ ಒಳಿತು ಎಂದವರು 23 ಶೇಕಡ ಮಾತ್ರ. ಅಧ್ಯಕ್ಷನ ಮನಸ್ಸಿನಲ್ಲಿದ್ದದ್ದು ಎರಡರಲ್ಲೂ ಒಂದೇ.

ಇನ್ನು ಕನ್ನಡದ ಮಾತು. ಇಂಗ್ಲಿಷ್ ಕ್ರಿಯಾವಿಶೇಷಣದಲ್ಲಿ ಇಡುವ ಈ ಭಾರವನ್ನು ಕನ್ನಡ ಬಹುಮಟ್ಟಿಗೆ ಕ್ರಿಯಾಪದದಲ್ಲೂ ಅಂಗಾಂಗಗಳಲ್ಲೂ ಇಡುತ್ತದೆ. ಕಣ್ತಪ್ಪು, ಕೈತಪ್ಪು, ಬಾಯಿತಪ್ಪು ಎನ್ನುವಾಗ ತಪ್ಪಿದ್ದು ಕಣ್ಣೋ ಕೈಯೋ ಬಾಯಿಯೋ ಆಗಿರುತ್ತದೆ, ಮನುಷ್ಯ ಹಿಂದೆ ಸರಿಯುತ್ತಾನೆ. ‘ನಾನು ತಪ್ಪು ಮಾಡಿದೆ’ ಎಂಬುದಕ್ಕೂ ‘ನನ್ನಿಂದ ತಪ್ಪಾಯಿತು’ ಎಂಬುದಕ್ಕೂ, ‘ಲೋಟ ಒಡೆದೆ’ ಎಂಬುದಕ್ಕೂ ‘ಲೋಟ ಒಡೆದುಹೋಯಿತು’ ಎಂಬುದಕ್ಕೂ ಇರುವ ದೂರ ಪ್ರತಿಯೊಬ್ಬ ಕನ್ನಡಿಗನ ಕಿವಿಗೂ ಗೊತ್ತು. ‘ಹೋಗು’ ಎಂಬ ಆ ಪುಟ್ಟ ಸಹಾಯಕ್ರಿಯೆಯೇ ಉದ್ದೇಶವಿರಲಿಲ್ಲವೆಂಬ ಸಾಕ್ಷಿ ಹೇಳುತ್ತದೆ. ಇಂಗ್ಲಿಷಿನವರು ಹೆಚ್ಚಾಗಿ ಮಾಡಿದವನನ್ನೇ ಕರ್ತೃವಾಗಿ ನಿಲ್ಲಿಸಿ, ಪಕ್ಕದಲ್ಲಿ ‘ಆಕ್ಸಿಡೆಂಟಲಿ’ ಎಂದು ಸೇರಿಸುತ್ತಾರೆ. ಇದರ ಪರಿಣಾಮ ನೆನಪಿನ ಮೇಲೂ ಇದೆ. ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಕಸ್ಮಿಕವಾಗಿ ನಡೆದ ಘಟನೆಗಳ ದೃಶ್ಯ ನೋಡಿದ ಇಂಗ್ಲಿಷ್ ಭಾಷಿಕರು, ನಮ್ಮಂತೆಯೇ ‘ಒಡೆದುಹೋಯಿತು’ ಎನ್ನುವ ರೂಢಿಯುಳ್ಳ ಸ್ಪ್ಯಾನಿಷ್ ಭಾಷಿಕರಿಗಿಂತ ಚೆನ್ನಾಗಿ ಮಾಡಿದವರು ಯಾರೆಂದು ನೆನಪಿಟ್ಟಿದ್ದರು. ಬೇಕೆಂದು ಮಾಡಿದ ಘಟನೆಗಳಲ್ಲಿ ಇಬ್ಬರ ನೆನಪೂ ಸಮನಾಗಿತ್ತು.

ನಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ಸಾಕ್ಷಿ ಕನ್ನಡದಲ್ಲಿ ಮಾತನಾಡುತ್ತಾನೆ, ಹೈಕೋರ್ಟಿನ ಕಲಾಪದ ಭಾಷೆ ಇಂಗ್ಲಿಷ್. ‘ಕೈ ಜಾರಿ ಬಿದ್ದುಹೋಯಿತು’ ಎಂಬ ಹೇಳಿಕೆ ಅಲ್ಲಿಗೆ ತಲುಪುವ ಮೊದಲು ಯಾರೋ ಒಬ್ಬರು ಅದಕ್ಕೆ ಪದ ಆರಿಸಬೇಕು. ಕೈ ಜಾರಿತು ಎನ್ನುವುದಕ್ಕೆ ಇಂಗ್ಲಿಷಿನಲ್ಲೂ ಅಷ್ಟೇ ನೇರವಾದ ಮಾತಿದೆ. ಅದನ್ನು ಬಿಟ್ಟು ಗಂಭೀರವಾಗಿ ಕೇಳಿಸಲೆಂದು ‘ಇನ್‌ಅಡ್ವರ್ಟೆಂಟ್ಲಿ’ ಎಂದು ಬರೆದರೆ, ಆ ಹೊತ್ತಿನಲ್ಲಿ ಅವನ ಗಮನ ಬೇರೆಡೆ ಇತ್ತು ಎಂಬ, ಸಾಕ್ಷಿ ಹೇಳಿಯೇ ಇಲ್ಲದ ಸಂಗತಿಯೊಂದು ದಾಖಲೆಗೆ ಸೇರಿಬಿಡುತ್ತದೆ.